ಪೆಟ್ಟಿಗೆ ಬಿಡಬಹುದು, ದೇಹ ಬಿಡಲಾಗದು: ಮುಂಬಯಿಯ ಕ್ರೈಸ್ತ ಸ್ಮಶಾನಗಳ ಇಕ್ಕಟ್ಟು

ಮುಂಬಯಿಯಲ್ಲಿ ಸಮಾಧಿಗೂ ವಾಯಿದೆ ಉಂಟು. ಬಹುತೇಕ ಇಗರ್ಜಿಗಳಲ್ಲಿ (ಚರ್ಚುಗಳಲ್ಲಿ) ಅದು ಒಂದೂವರೆ ವರ್ಷದಿಂದ ಎರಡು ವರ್ಷ. ಅವಧಿ ಮುಗಿದಾಗ ಮನೆಯವರಿಗೆ ಹೇಳಿಕಳಿಸಿ ಗುಂಡಿ ತೆರೆಯುತ್ತಾರೆ. ಎಲುಬುಗಳನ್ನು ಆರಿಸಿ ಸಣ್ಣ ಪೆಟ್ಟಿಗೆಯಲ್ಲಿ ಹಾಕಿ ಗೋಡೆಯ ಗೂಡಿಗೆ ಸೇರಿಸುತ್ತಾರೆ. ಗೂಡು ಕೊಂಡಿಲ್ಲದವರ ಎಲುಬು ಸ್ಮಶಾನದ ಸಾಮೂಹಿಕ ಗುಂಡಿಗೆ ಹೋಗುತ್ತದೆ. ಖಾಲಿಯಾದ ಜಾಗಕ್ಕೆ ಅದೇ ವಾರ ಇನ್ನೊಬ್ಬರು ಬರುತ್ತಾರೆ. ಬದುಕಿದ್ದಾಗ 11 ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರಿನಲ್ಲಿ ಮನೆಯಿಂದ ಮನೆಗೆ ಅಲೆದವರಿಗೆ ಮಣ್ಣಿನೊಳಗೂ ಅದೇ ಗತಿ ಎಂದು ಇಲ್ಲಿಯ ಜನ ನಗುತ್ತಾರೆ. ಊರಿಂದ ಬಂದ ನೆಂಟರು ನಗುವುದಿಲ್ಲ. ಉಡುಪಿ, ಬೀದರ್ ಕಡೆಯ ಸ್ಮಶಾನದಲ್ಲಿ ಅಜ್ಜನ ಶಿಲುಬೆ ಇನ್ನೂ ನಿಂತಿರುವುದನ್ನು ಕಂಡವರಿಗೆ, ಅಪ್ಪನನ್ನು ಎರಡೇ ವರ್ಷಕ್ಕೆ ಎಬ್ಬಿಸುವುದು ಅಪಚಾರದಂತೆ ಕಾಣುತ್ತದೆ.

ಈ ಗಾಬರಿಯಿಂದಲೇ ಎರಡು ಅವಸರದ ಪರಿಹಾರಗಳು ಹುಟ್ಟಿಕೊಂಡಿವೆ. ಉಳ್ಳವರು ಶಾಶ್ವತ ಸಮಾಧಿ ಕೊಡಿ ಎಂದು ಪಟ್ಟು ಹಿಡಿಯುತ್ತಾರೆ. ಹೊಸ ತಲೆಮಾರಿನವರು ಇಷ್ಟೆಲ್ಲ ರಗಳೆ ಏಕೆ, ವಿದ್ಯುತ್ ಚಿತಾಗಾರಕ್ಕೆ ಒಯ್ದು ಮುಗಿಸೋಣ ಎನ್ನುತ್ತಾರೆ. ಸಂಪ್ರದಾಯನಿಷ್ಠ ಕ್ರೈಸ್ತ ಚಿಂತನೆ ಇವೆರಡನ್ನೂ ಒಪ್ಪುವುದಿಲ್ಲ. ಆದರೆ ಅದು ಒಪ್ಪದಿರುವ ಕಾರಣ ಹೊರಗಿನವರು ಊಹಿಸುವ ಕಾರಣವಲ್ಲ. ಎಷ್ಟೋ ಸಲ ಸಭೆಯ, ಅಂದರೆ ಚರ್ಚಿನ, ಹಿರಿಯರು ಕೊಡುವ ಕಾರಣವೂ ಅಲ್ಲ.

ಮೊದಲು, ಇಲ್ಲಿ ಮಾತಾಡುತ್ತಿರುವುದು ಯಾರ ಬಗ್ಗೆ ಎಂಬುದು ಸ್ಪಷ್ಟವಾಗಲಿ. ಮುಂಬಯಿ-ಪುಣೆಯ ಕನ್ನಡ ಓದುವ ಕ್ರೈಸ್ತರೆಂದರೆ ಒಂದೇ ಗುಂಪಲ್ಲ. ಮಂಗಳೂರು, ಉಡುಪಿ ಕಡೆಯ ಕಥೋಲಿಕರು ಮನೆಯಲ್ಲಿ ಕೊಂಕಣಿ ಆಡಿ ಶಾಲೆಯಲ್ಲಿ ಕನ್ನಡ ಕಲಿತವರು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನ ಪರಂಪರೆಯವರು ತುಳು, ಕನ್ನಡದ ಪ್ರಾಟೆಸ್ಟೆಂಟರು. ಬೀದರ್, ಕಲಬುರಗಿ ಕಡೆಯಿಂದ ಕೂಲಿಗೆ, ಕಟ್ಟಡದ ಕೆಲಸಕ್ಕೆ ಬಂದವರಲ್ಲಿ ಮೆಥೋಡಿಸ್ಟರು ಹೆಚ್ಚು. ಇತ್ತೀಚೆಗೆ ಬಾಡಿಗೆ ಹಾಲ್‌ಗಳಲ್ಲಿ ಸೇರುವ ಸ್ವತಂತ್ರ ಪ್ರಾರ್ಥನಾ ಸಭೆಗಳೂ ಬಹಳವಾಗಿವೆ. ಮೊದಲಿನವರಿಗೆ ಇಗರ್ಜಿಯ ಅಂಗಳದಲ್ಲೋ ಪಕ್ಕದಲ್ಲೋ ಸಿಮೆಟ್ರಿ ಇರುತ್ತದೆ. ನಡುವಿನವರು ಶಿವಡಿಯಂಥ ಹಳೆಯ ಸಾರ್ವಜನಿಕ ಕ್ರೈಸ್ತ ಸ್ಮಶಾನಗಳನ್ನು ನಂಬಿದ್ದಾರೆ. 1860ರ ದಶಕದಲ್ಲಿ ಮುನಿಸಿಪಲ್ ಕಮಿಷನರ್ ಆರ್ಥರ್ ಕ್ರಾಫರ್ಡ್ ಕಾಲದಲ್ಲಿ ತೆರೆದ ಜಾಗ ಅದು, ಪಂಗಡಕ್ಕೊಂದು ಭಾಗವಿದೆ. ಕೊನೆಯ ಗುಂಪಿಗೆ ಯಾವುದೂ ಇಲ್ಲ. ಈ ವ್ಯತ್ಯಾಸದಿಂದ ಏನೇನು ಆಗುತ್ತದೆಂಬುದು ಮುಂದೆ ಗೊತ್ತಾಗುತ್ತದೆ.

ಈಗ ದೈವಶಾಸ್ತ್ರ. ಅಪೊಸ್ತಲರ ವಿಶ್ವಾಸ ಪ್ರಮಾಣದಲ್ಲಿ ಇರುವುದು ಆತ್ಮದ ಅಮರತ್ವವಲ್ಲ, ಶರೀರದ ಪುನರುತ್ಥಾನ. ಭಾನುವಾರ ಬಾಯಿಪಾಠ ಒಪ್ಪಿಸುವವರಲ್ಲಿ ಅರ್ಧ ಜನ ಇದನ್ನು ಗಮನಿಸಿರಲಿಕ್ಕಿಲ್ಲ. ದೇಹ ಹಳೆಯ ಅಂಗಿ, ಆತ್ಮ ಅದನ್ನು ಕಳಚಿ ಹೋಯಿತು ಎಂಬ ಮಾತು ನಮ್ಮ ಸುತ್ತಲ ಗಾಳಿಯಲ್ಲಿದೆ. ಶವಸಂಸ್ಕಾರದ ಪ್ರಸಂಗಗಳಲ್ಲಿ ಪಾದ್ರಿಗಳ ಬಾಯಲ್ಲೂ ಅದು ನುಸುಳುತ್ತದೆ. ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಬಳಸಿದ ಹೋಲಿಕೆ ಕಳಚಿ ಎಸೆಯುವ ಅಂಗಿಯದಲ್ಲ, ಬೀಜದ್ದು. ಹಳೆಯ ಕನ್ನಡ ಬೈಬಲಿನ ಲಯಾವಸ್ಥೆ (ಅಳಿಯುವ ಸ್ಥಿತಿ), ನಿರ್ಲಯಾವಸ್ಥೆ (ಅಳಿಯದ ಸ್ಥಿತಿ) ಎಂಬ ಭಾರದ ಪದಗಳ ಹಿಂದೆ ಇರುವುದು ರೈತನ ಮಾತು: ಬಿತ್ತಿದ್ದು ಬೇರೆ ರೂಪದಲ್ಲಿ ಏಳುತ್ತದೆ, ಆದರೆ ಏಳುವುದು ಬಿತ್ತಿದ್ದೇ. ಹೂಳುವುದು ಈ ನಂಬಿಕೆಯ ಅಭಿನಯ. ಕಲಬುರಗಿ ಸೀಮೆಯಲ್ಲಿ ಸಾವಿಗೆ ಹೋಗಿಬರುವುದಕ್ಕೆ ‘ಮಣ್ಣಿಗೆ ಹೋಗಿ ಬಂದೆ’ ಎನ್ನುತ್ತಾರೆ. ಅಲ್ಲಿ ಲಿಂಗಾಯತರೂ ಹೂಳುವವರೇ, ದಲಿತ ಕೇರಿಗಳಲ್ಲೂ ಹೂಳುವುದೇ ಹೆಚ್ಚಿನ ರೂಢಿ. ಹಾಗಾಗಿ ದಫನವೆಂದರೆ ಮಿಶನರಿಗಳು ತಂದ ಪರದೇಶಿ ಪದ್ಧತಿ ಎಂಬ ವಾದ ಕನ್ನಡ ನೆಲದಲ್ಲಿ ನಿಲ್ಲುವುದೇ ಇಲ್ಲ.

ಸುಟ್ಟರೆ ದೇವರಿಗೆ ಎಬ್ಬಿಸಲಾಗದೇ? ಈ ಪ್ರಶ್ನೆಗೆ ಸಂಪ್ರದಾಯ ಎಂದೂ ಹೌದು ಎಂದಿಲ್ಲ. ಬೆಂಕಿಯಲ್ಲಿ ಸತ್ತ ರಕ್ತಸಾಕ್ಷಿಗಳೂ ಕಡಲಲ್ಲಿ ಮುಳುಗಿದವರೂ ಏಳುತ್ತಾರೆಂದೇ ಅದು ನಂಬಿದೆ. ಕ್ರಿ.ಶ. 177ರಲ್ಲಿ ಲಿಯೋನ್ ಪಟ್ಟಣದ ಕ್ರೈಸ್ತರನ್ನು ಕೊಂದವರು ಹೆಣಗಳನ್ನು ಸುಟ್ಟು ಬೂದಿಯನ್ನು ರೋನ್ ನದಿಗೆ ಎಸೆದದ್ದು, ಇನ್ನು ಹೇಗೆ ಏಳುತ್ತೀರಿ ನೋಡೋಣ ಎಂಬ ಅಣಕಕ್ಕೆ. ಸಭೆ ಅದಕ್ಕೆ ಹೆದರಲಿಲ್ಲ. ಹಳೆಯ ಒಡಂಬಡಿಕೆಯಲ್ಲೂ ಯಾಬೇಷ್ ಗಿಲ್ಯಾದಿನ ಜನ ಸೌಲನ ಶವವನ್ನು ಸುಟ್ಟು ಎಲುಬನ್ನು ಹೂಳಿದರು, ಯಾರೂ ಅವರನ್ನು ಬೈಯಲಿಲ್ಲ. 1886ರಲ್ಲಿ ರೋಮಿನ ಕಥೋಲಿಕ ಸಭೆ ದಹನವನ್ನು ನಿಷೇಧಿಸಿದ್ದು, ಆಗ ಯೂರೋಪಿನಲ್ಲಿ ದಹನಕ್ಕೆ ಸಂಘ ಕಟ್ಟಿದವರಲ್ಲಿ ಹಲವರು ಪುನರುತ್ಥಾನದ ನಂಬಿಕೆಯನ್ನು ಚುಚ್ಚಲೆಂದೇ ಅದನ್ನು ಎತ್ತಿ ಹಿಡಿದಿದ್ದರಿಂದ. ಆ ಹಟ ತಣ್ಣಗಾದ ಮೇಲೆ 1963ರಲ್ಲಿ ನಿಷೇಧ ಸಡಿಲವಾಯಿತು. 1983ರ ಧರ್ಮಸಭಾ ಕಾನೂನಿನ 1176ನೇ ವಿಧಿ ಹೂಳುವುದನ್ನು ಮನಸಾರೆ ಶಿಫಾರಸು ಮಾಡಿ, ಕ್ರೈಸ್ತ ಬೋಧನೆಗೆ ವಿರುದ್ಧವಾದ ಕಾರಣಕ್ಕೆ ಆರಿಸಿಕೊಳ್ಳದಿದ್ದರೆ ದಹನಕ್ಕೆ ಅಡ್ಡಿಯಿಲ್ಲ ಎನ್ನುತ್ತದೆ. ಪ್ರಾಟೆಸ್ಟೆಂಟ್ ಸಭೆಗಳಲ್ಲಿ ಇಂಥ ಲಿಖಿತ ನಿಷೇಧವೇ ಅಪರೂಪ, ಅಲ್ಲಿ ತಡೆಯುವುದು ರೂಢಿ. ಪೂರ್ವದ ಆರ್ಥೊಡಾಕ್ಸ್ ಸಭೆಗಳು ಮಾತ್ರ ಇಂದಿಗೂ ಒಪ್ಪುವುದಿಲ್ಲ.

ಹಾಗಾದರೆ ಸಂಪ್ರದಾಯನಿಷ್ಠನ ವಾದ ಇಷ್ಟು: ಹೆಣಕ್ಕೆ ನಾವು ಮಾಡುವುದರಿಂದ ದೇವರ ಕೈ ಕಟ್ಟುವುದಿಲ್ಲ. ಆದರೆ ಅದು ನಮ್ಮ ಮಕ್ಕಳಿಗೆ ದೇಹವೆಂದರೇನೆಂದು ಕಲಿಸುತ್ತದೆ. ಹುಟ್ಟದ ಶಿಶುವಿನ ಬಗ್ಗೆ, ಕೋಮಾದಲ್ಲಿರುವ ರೋಗಿಯ ಬಗ್ಗೆ, ಮದುವೆಯ ಬಗ್ಗೆ ಇದೇ ಜನ ಹಿಡಿಯುವ ಗಟ್ಟಿ ನಿಲುವುಗಳ ಬೇರು ಇಲ್ಲೇ ಇದೆ. ದೇಹ ಮನುಷ್ಯನ ಸ್ವತ್ತಲ್ಲ, ಮನುಷ್ಯನೇ. ಒಪ್ಪುವುದು ಬಿಡುವುದು ಓದುಗರಿಗೆ ಸೇರಿದ್ದು, ಸರಣಿ ಮಾತ್ರ ಒಂದೇ ದಾರದ್ದು.

ಈ ವಾದದೊಳಗೆ ಶಾಶ್ವತ ಸಮಾಧಿಗೆ ಎಲ್ಲೂ ಜಾಗವಿಲ್ಲ ಎಂಬುದನ್ನು ಗಮನಿಸಿ. ಮುಂಬಯಿಯ ಎರಡು ವರ್ಷದ ಗುಂಡಿಯನ್ನು ಆಧುನಿಕ ನಗರದ ನಿರ್ದಯ ಎಂದು ಭಾವಿಸುವವರು ಮೊದಲ ಶತಮಾನದ ಯೆರೂಸಲೇಮನ್ನು ನೋಡಬೇಕು. ಅಲ್ಲಿ ಹೆಣವನ್ನು ಬಂಡೆಯ ಗವಿಯಲ್ಲಿ ಬಟ್ಟೆ ಸುತ್ತಿ ಮಲಗಿಸಿ, ಸುಮಾರು ಒಂದು ವರ್ಷದ ಮೇಲೆ ಎಲುಬುಗಳನ್ನು ಆರಿಸಿ ಸುಣ್ಣಕಲ್ಲಿನ ಪೆಟ್ಟಿಗೆಗೆ ಹಾಕುತ್ತಿದ್ದರು. ತೊಡೆಯೆಲುಬು ಹಿಡಿಯುವಷ್ಟು ಉದ್ದದ ಆ ಪೆಟ್ಟಿಗೆಗಳು ಅಗೆತದಲ್ಲಿ ರಾಶಿರಾಶಿ ಸಿಕ್ಕಿವೆ. ಅಂದರೆ ಬಾಂದ್ರಾ, ಅಂಧೇರಿಯ ಗೋಡೆಗೂಡು ಯೇಸುವಿನ ಕಾಲದ ಪದ್ಧತಿಗೆ ಅಮೃತಶಿಲೆಯ ಕುಟುಂಬ ಸಮಾಧಿಗಿಂತ ಹತ್ತಿರ. ಯೇಸುವಿನ ಸಮಾಧಿಯೂ ಸ್ವಂತದ್ದಲ್ಲ, ಅರಿಮಥಾಯದ ಯೋಸೇಫನದು. ಹಳೆಗೋವೆಯ ಇಗರ್ಜಿಗಳ ನೆಲದ ಕಲ್ಲುಗಳನ್ನು ತುಳಿದವರಿಗೆ ಇನ್ನೊಂದು ರೂಢಿ ಗೊತ್ತು: ಪೀಠಕ್ಕೆ ಹತ್ತಿರವಾದಷ್ಟೂ ದೊಡ್ಡ ಮನೆತನ. ಪೋರ್ಚುಗಲ್ 1835ರಲ್ಲಿ ಇಗರ್ಜಿಯೊಳಗೆ ಹೂಳುವುದನ್ನು ನಿಲ್ಲಿಸಿ ಊರಹೊರಗಿನ ಸ್ಮಶಾನ ಕಡ್ಡಾಯ ಮಾಡಿದಾಗ, ಅಲ್ಲಿಯ ಉತ್ತರದ ರೈತರಿಗೆ ಅದು ಧರ್ಮಕ್ಕೆ ಬಿದ್ದ ಪೆಟ್ಟಾಗಿ ಕಂಡಿತು, 1846ರ ದಂಗೆಗೆ ಅದೂ ಒಂದು ಕಾರಣ. ಇವತ್ತು ಅದೇ ಊರಹೊರಗಿನ ಸ್ಮಶಾನವೇ ಸನಾತನ ಸಂಪ್ರದಾಯ ಎನಿಸಿಕೊಂಡಿದೆ. ರೂಢಿಗೆ ವಯಸ್ಸು ಎಷ್ಟೆಂದು ಕೇಳದೆ ಅದನ್ನು ಕಾಯಲು ಹೊರಟರೆ ಹೀಗಾಗುತ್ತದೆ.

ಹಾಗಾದರೆ ಎರಡು ವರ್ಷದ ಗುಂಡಿ ಮುಂಬಯಿಯಲ್ಲಿ ಎಲ್ಲಿ ಎಡವುತ್ತಿದೆ? ಮಣ್ಣಿನೊಳಗೆ. ತೆರೆದಾಗ ದೇಹ ಪೂರ್ತಿ ಕರಗಿರುವುದಿಲ್ಲ. ಗುಂಡಿ ತೋಡುವವರು ಮತ್ತೆ ಮುಚ್ಚಿ ಆರು ತಿಂಗಳು ಕಾಯುತ್ತಾರೆ, ಹಿಂದಿನ ಸಾಲು ಬೆಳೆಯುತ್ತದೆ. ಕಾರಣಗಳನ್ನು ಒಂದೊಂದಾಗಿ ನೋಡಿದರೆ ಹೆಚ್ಚಿನವು ನಾವೇ ಒಳಗೆ ಹಾಕಿದವು.

ಮೊದಲನೆಯದು ಎಂಬಾಮಿಂಗ್. ದುಬೈಯಿಂದಲೋ ಟೊರಾಂಟೋದಿಂದಲೋ ಮಗ ಬರಲಿ ಎಂದು ಕಾಯುವ ಮನೆಗಳಲ್ಲಿ ಇದು ತಾನಾಗಿ ನಡೆದುಹೋಗುತ್ತದೆ. ರಕ್ತನಾಳಕ್ಕೆ ತುಂಬುವ ಫಾರ್ಮಾಲಿನ್ ಮಾಂಸದ ಪ್ರೋಟೀನನ್ನು ಬಿಗಿಗೊಳಿಸಿ, ಕೊಳೆಯಿಸುವ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಅದರ ಕೆಲಸವೇ ಕೊಳೆಯದಂತೆ ತಡೆಯುವುದು, ಹೂತ ಮೇಲೂ ಅದೇ ಕೆಲಸ ಮಾಡುತ್ತದೆ. ಎರಡು-ಮೂರು ದಿನದ ಕಾಯುವಿಕೆಗೆ ಶವಾಗಾರದ ತಣ್ಣನೆಯ ಪೆಟ್ಟಿಗೆ ಸಾಕು. ವಿಮಾನದಲ್ಲಿ ಒಯ್ಯುವಾಗ ಮಾತ್ರ ಎಂಬಾಮಿಂಗ್ ಪ್ರಮಾಣಪತ್ರ ಕೇಳುತ್ತಾರೆ.

ಎರಡನೆಯದು ಪೆಟ್ಟಿಗೆ. ಹಿಂದೆ ಅಗ್ಗದ ಹಲಗೆಯಿಂದ ಮಾಡುತ್ತಿದ್ದರು, ಅದು ಮಳೆಗಾಲಕ್ಕೇ ಕುಸಿಯುತ್ತಿತ್ತು. ಈಗಿನದು ಅಂಟು ಹಚ್ಚಿದ ಪ್ಲೈವುಡ್, ಮೇಲೆ ಪಾಲಿಶ್, ಒಳಗೆ ಸಿಂಥೆಟಿಕ್ ಸ್ಯಾಟಿನ್, ಅದರಡಿ ಪ್ಲಾಸ್ಟಿಕ್ ಹಾಳೆ. ಮೂರನೆಯದು ಉಡುಪು: ಪಾಲಿಯೆಸ್ಟರ್ ಸೂಟು, ನೈಲಾನ್ ಸಾಕ್ಸ್, ರಬ್ಬರ್ ತಳದ ಬೂಟು, ಕೈಗೆ ಪ್ಲಾಸ್ಟಿಕ್ ಜಪಮಾಲೆ. ಗುಂಡಿ ತೆರೆದಾಗ ಸೂಟು ಹಾಗೇ ಇರುತ್ತದೆ. ಆಸ್ಪತ್ರೆಯಿಂದ ಬಂದ ಪ್ಲಾಸ್ಟಿಕ್ ಚೀಲವನ್ನು ತೆಗೆಯದೆಯೇ ಹೂಳುವುದೂ ಉಂಟು, ಅದು ಎಲ್ಲಕ್ಕಿಂತ ಕೆಟ್ಟದ್ದು.

ನಾಲ್ಕನೆಯದು ನೀರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತಗ್ಗಿನ ಸ್ಮಶಾನಗಳಲ್ಲಿ ಆರಡಿ ತೋಡಿದರೆ ಗುಂಡಿಯಲ್ಲಿ ನೀರು ನಿಲ್ಲುತ್ತದೆ. ಗಾಳಿ ಆಡದ ಒದ್ದೆ ಜೇಡಿಯಲ್ಲಿ ದೇಹದ ಕೊಬ್ಬು ಸಾಬೂನಿನಂಥ ಬಿಳಿ ಮೇಣವಾಗಿ ಗಟ್ಟಿಯಾಗುತ್ತದೆ. ಹಾಗಾದ ಮೇಲೆ ವರ್ಷಗಟ್ಟಲೆ ಕರಗುವುದಿಲ್ಲ. ಮುಚ್ಚಳ ಬಿಗಿಯಾದ ಪೆಟ್ಟಿಗೆ ನೀರಿನ ತೊಟ್ಟಿಯಾಗಿ ಇದಕ್ಕೆ ಅನುಕೂಲ ಮಾಡಿಕೊಡುತ್ತದೆ. ಬೇಗ ಕರಗಲಿ ಎಂದು ಸುಣ್ಣ ಸುರಿಯುವವರಿದ್ದಾರೆ. ಸುಣ್ಣ ವಾಸನೆ ತಡೆಯುತ್ತದೆ, ನಿಜ. ಆದರೆ ಪ್ರಯೋಗಗಳಲ್ಲಿ ಕಂಡದ್ದು ಅದು ಕೊಳೆಯುವುದನ್ನು ನಿಧಾನಿಸುತ್ತದೆ ಎಂದೇ. ಉಪ್ಪು ಹಾಕಿದರೂ ಅಷ್ಟೇ, ಮೀನು ಒಣಗಿಸುವ ಕರಾವಳಿಯವರಿಗೆ ಅದನ್ನು ಹೇಳಿಕೊಡಬೇಕಿಲ್ಲ.

ಪರಿಹಾರ ಹಳೆಯದೇ. ವಸಯಿ ಭಾಗದ ಕೆಲವು ಇಗರ್ಜಿಗಳು ಪೆಟ್ಟಿಗೆಯಿಲ್ಲದೆ ಬಿಳಿ ಹತ್ತಿಬಟ್ಟೆಯಲ್ಲಿ ಸುತ್ತಿ ಹೂಳುವುದನ್ನು ಮತ್ತೆ ಶುರುಮಾಡಿವೆ. ಮೆರವಣಿಗೆಗೆ ಮತ್ತು ಪೂಜೆಗೆ ಸಭೆಯ ಒಂದೇ ಮರದ ಪೆಟ್ಟಿಗೆ ಬಳಸಿ, ಗುಂಡಿಯ ಬಾಯಲ್ಲಿ ದೇಹವನ್ನು ಬಟ್ಟೆಯ ಪಟ್ಟಿಗಳ ಮೇಲೆ ಎತ್ತಿ ಇಳಿಸಬಹುದು. ಅದಕ್ಕೆ ಹಗ್ಗ ಹಿಡಿಯಲು ನಾಲ್ಕರಿಂದ ಆರು ಜನ ಬೇಕು, ಗುಂಡಿಯ ಅಂಚು ಕುಸಿಯದಂತೆ ಎರಡು ಬದಿಗೆ ಹಲಗೆ ಬೇಕು. ಬಟ್ಟೆ ಹತ್ತಿಯದೇ ಇರಲಿ, ಬಿಳಿ ಬಣ್ಣದ ಟೆರಿಕಾಟ್ ಅಲ್ಲ. ಮನೆಯವರ ಮುಖ್ಯ ತಕರಾರು, ಬಡವರ ಹೆಣದಂತೆ ಕಾಣುತ್ತದೆ ಎಂಬುದು. ಯೋಹಾನನ ಸುವಾರ್ತೆಯಲ್ಲಿ ಖಾಲಿ ಸಮಾಧಿಯಲ್ಲಿ ಬಿದ್ದಿದ್ದದ್ದು ನಾರುಬಟ್ಟೆ ಎಂದು ಪಾದ್ರಿ ಒಂದು ಭಾನುವಾರ ಪ್ರಸಂಗ ಮಾಡಿದರೆ ಈ ತಕರಾರು ಅರ್ಧ ಇಳಿಯುತ್ತದೆ. ಸಾವಿನ ಮನೆಯಲ್ಲಿ ನಿಂತು ಹೇಳಿದರೆ ಜಗಳವಾಗುತ್ತದೆ.

ದಹನವನ್ನು ಆರಿಸಿಕೊಂಡವರಿಗೆ ಸಭೆ ಕೇಳುವುದು ಹೆಚ್ಚೇನಿಲ್ಲ. ಪ್ರಾರ್ಥನೆ ಅಥವಾ ಬಲಿಪೂಜೆ ದೇಹವಿರುವಾಗಲೇ ನಡೆಯಲಿ, ಆಮೇಲೆ ಚಿತಾಗಾರ. ಪೇಸ್‌ಮೇಕರ್ ಇದ್ದರೆ ಮೊದಲೇ ತೆಗೆಸಬೇಕು, ಅದರ ಬ್ಯಾಟರಿ ಕುಲುಮೆಯಲ್ಲಿ ಸಿಡಿಯುತ್ತದೆ. ಒಂದೂವರೆ-ಎರಡು ಗಂಟೆಯಲ್ಲಿ ಮುಗಿದು ಉಳಿಯುವುದು ಎರಡು-ಮೂರು ಕಿಲೋ ಎಲುಬಿನ ಚೂರು ಮತ್ತು ಬೂದಿ. ತಪ್ಪುವುದು ಇದರ ನಂತರ. ನಾಳೆ ಇಡೋಣ ಎಂದು ಮನೆಗೆ ತಂದ ಕುಡಿಕೆ ಕಪಾಟಿನ ಮೇಲೆ ವರ್ಷ ಕಳೆಯುತ್ತದೆ. ಅಣ್ಣ-ತಮ್ಮ ಅರ್ಧರ್ಧ ಹಂಚಿಕೊಳ್ಳುತ್ತಾರೆ, ಒಬ್ಬರು ಕಡಲಿಗೆ ಬಿಡುತ್ತಾರೆ. 2016ರ ರೋಮಿನ ಸೂಚನೆ ಬೂದಿ ಎರಚುವುದು, ಹಂಚುವುದು, ಲಾಕೆಟ್ ಮಾಡುವುದು, ಸಾಮಾನ್ಯವಾಗಿ ಮನೆಯಲ್ಲಿಡುವುದು ಎಲ್ಲವನ್ನೂ ಬೇಡ ಎಂದಿತು. 2023ರ ಡಿಸೆಂಬರಿನ ಟಿಪ್ಪಣಿ ತುಸು ಸಡಿಲಿಸಿ, ಅರ್ಥವುಳ್ಳ ಜಾಗದಲ್ಲಿ ಚಿಕ್ಕ ಅಂಶವನ್ನು ಇಡುವುದನ್ನೂ, ಹೆಸರುಗಳನ್ನು ಬರೆದಿಟ್ಟು ಎಲ್ಲರ ಬೂದಿಯನ್ನು ಒಂದೇ ಪವಿತ್ರ ಸ್ಥಳದಲ್ಲಿ ಸೇರಿಸುವುದನ್ನೂ ಒಪ್ಪಬಹುದೆಂದಿತು. ನನಗೆ ಈ ಎರಡನೆಯ ಅಂಶ ಮುಂಬಯಿಗೆ ಹೇಳಿಮಾಡಿಸಿದಂತೆ ಕಾಣುತ್ತದೆ, ಮೊದಲನೆಯದು ಕುಟುಂಬ ಜಗಳಕ್ಕೆ ಬಾಗಿಲು.

ಕೋವಿಡ್ ಕಾಲದಲ್ಲಿ ಇವೆಲ್ಲ ಒಮ್ಮೆಗೇ ಪರೀಕ್ಷೆಗೊಳಗಾದವು. 2020ರ ಮಾರ್ಚ್ 30ರಂದು ಮುಂಬಯಿ ಪಾಲಿಕೆ, ಧರ್ಮ ಯಾವುದಾದರೂ ಸೋಂಕಿತರ ಹೆಣ ಸುಡಬೇಕು ಎಂದು ಸುತ್ತೋಲೆ ಹೊರಡಿಸಿ ಗಂಟೆಗಳೊಳಗೆ ಹಿಂದೆಗೆದುಕೊಂಡಿತು. ಬಾಂದ್ರಾದ ದಫನ ಭೂಮಿಗಳ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ ಮೇ ತಿಂಗಳಲ್ಲಿ, ಹೂಳುವುದಕ್ಕೆ ಅಡ್ಡಿಯಿಲ್ಲ, ಗೌರವದ ಅಂತ್ಯಸಂಸ್ಕಾರ ಸಂವಿಧಾನದ 21ನೇ ವಿಧಿ ಕೊಡುವ ಬದುಕಿನ ಹಕ್ಕಿನ ಭಾಗ ಎಂದಿತು. ಅದೇ ಜುಲೈಯಲ್ಲಿ ಕೇರಳದ ಆಲಪ್ಪುಳ ಧರ್ಮಪ್ರಾಂತ್ಯ ತಾನಾಗಿಯೇ ಇಗರ್ಜಿ ಸ್ಮಶಾನದೊಳಗೆ ಹೆಣ ಸುಟ್ಟು ಬೂದಿಯನ್ನು ಅಲ್ಲೇ ಹೂಳಿತು. ನೀರು ನಿಲ್ಲುವ ನೆಲದಲ್ಲಿ ಆಳದ ಗುಂಡಿ ಆಗದು ಎಂಬ ನೇರ ಕಾರಣಕ್ಕೆ. ಸರ್ಕಾರ ಸುಡು ಎನ್ನುವುದಕ್ಕೂ ಸಭೆ ಸುಡೋಣ ಎನ್ನುವುದಕ್ಕೂ ಇರುವ ಅಂತರ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಂಡಿಲ್ಲ.

ಆದರೆ ಸಂಪ್ರದಾಯನಿಷ್ಠರ ವಾದ ನಿಜವಾಗಿ ಸೋಲುವುದು ಬೆಂಕಿಯ ಮುಂದೆ ಅಲ್ಲ, ಸ್ಮಶಾನದ ಗೇಟಿನಲ್ಲಿ. ದೇಹಕ್ಕೆ ಇಷ್ಟು ಬೆಲೆ ಎಂದವರೇ, ವಂತಿಗೆ ಬಾಕಿಯಿದೆ ಎಂದು ಮಣ್ಣು ತಡೆಹಿಡಿದರೆ ಆ ಬೋಧನೆಯಲ್ಲಿ ಉಳಿಯುವುದೇನು? ನಡೆಯುವುದು ಹೀಗೆ. ಮನುಷ್ಯ ಮುಂಬಯಿಯಲ್ಲಿ 30 ವರ್ಷ ದುಡಿದಿದ್ದಾನೆ, ಹೆಸರು ಮಾತ್ರ ಊರಿನ ಸಭೆಯ ರಿಜಿಸ್ಟರಿನಲ್ಲೇ ಇದೆ. ಸತ್ತ ರಾತ್ರಿ ಇಲ್ಲಿಯ ಸಭೆ ಸದಸ್ಯತ್ವ ಪತ್ರ ಕೇಳುತ್ತದೆ, ಊರಿನ ಸಭಾಪಾಲಕರು ಫೋನಿಗೆ ಸಿಗುವುದಿಲ್ಲ. ಹಾಗಾಗದಿರಲು ಬದುಕಿದ್ದಾಗಲೇ ವರ್ಗಾವಣೆ ಪತ್ರ ತರಿಸಿ ಇಲ್ಲಿ ಹೆಸರು ಬರೆಸಬೇಕು. ಸರ್ಕಾರಿ ಕಾಗದ ಬೇರೆಯೇ ಉಂಟು: ಆಸ್ಪತ್ರೆಯಲ್ಲಿ ಸತ್ತರೆ ಫಾರ್ಮ್ 4, ಮನೆಯಲ್ಲಾದರೆ ನೋಡುತ್ತಿದ್ದ ವೈದ್ಯರಿಂದ ಫಾರ್ಮ್ 4ಎ, ಅಪಘಾತವೋ ಆತ್ಮಹತ್ಯೆಯೋ ಆದರೆ ಪೊಲೀಸ್ ಪಂಚನಾಮೆ, ಮರಣೋತ್ತರ ಪರೀಕ್ಷೆ. ನೋಂದಣಿಗೆ 21 ದಿನ.

ಆತ್ಮಹತ್ಯೆಯ ವಿಷಯದಲ್ಲಿ ಹಳೆಯ ನಿಯಮದ ನೆನಪು ಇನ್ನೂ ಓಡಾಡುತ್ತಿದೆ. 1917ರ ಕಥೋಲಿಕ ಕಾನೂನು ತಿಳಿದು ಪ್ರಾಣ ಕಳೆದುಕೊಂಡವರಿಗೆ ಸಭೆಯ ಸಂಸ್ಕಾರ ನಿರಾಕರಿಸಿತ್ತು, 1662ರ ಆಂಗ್ಲಿಕನ್ ಪ್ರಾರ್ಥನಾ ಪುಸ್ತಕವೂ ಹಾಗೇ. 1983ರ ಕಾನೂನು ಆ ಸಾಲನ್ನೇ ಕೈಬಿಟ್ಟಿದೆ. ಈಗಲೂ ಗೋಡೆಯಂಚಿನ ಮೂಲೆ ತೋರಿಸುವ ಹಿರಿಯರು ತಮ್ಮ ಸಭೆಗಿಂತ ಹಿಂದಿದ್ದಾರೆ. ದೀಕ್ಷಾಸ್ನಾನಕ್ಕೆ ಮೊದಲೇ ತೀರಿಕೊಂಡ ಶಿಶುವಿಗೆ, ತಂದೆತಾಯಿ ಅದನ್ನು ಕೊಡಿಸುವ ಮನಸ್ಸಿನಲ್ಲಿದ್ದರೆ ಬಿಷಪರ ಅನುಮತಿಯಿಂದ ಸಂಸ್ಕಾರ ಸಲ್ಲುತ್ತದೆ, 1183ನೇ ವಿಧಿ ನೋಡಿ. ಹಿಂದೂ ಗಂಡ, ಕ್ರೈಸ್ತ ಹೆಂಡತಿ ಒಂದೇ ಗೂಡು ಕೇಳಿದರೆ ಉತ್ತರ ಧರ್ಮಕೇಂದ್ರದಿಂದ ಧರ್ಮಕೇಂದ್ರಕ್ಕೆ ಬದಲಾಗುತ್ತದೆ. ಗೂಡು ಕೊಳ್ಳುವ ದಿನವೇ ಬರೆಯಿಸಿಕೊಳ್ಳುವುದು ಮೇಲು. ಇನ್ನು ಜಾತಿ: ತಿರುಚಿರಾಪಳ್ಳಿಯ ಮೇಲಪುದೂರಿನ ಕಥೋಲಿಕ ಸ್ಮಶಾನದ ನಡುವೆ ದಲಿತರನ್ನು ಬೇರ್ಪಡಿಸಲು ಎದ್ದ ಗೋಡೆಗೆ ಯಾವ ದೈವಶಾಸ್ತ್ರದ ಸಮರ್ಥನೆಯೂ ಇಲ್ಲ, ಹೆಚ್ಚು ಬರೆಯುವ ಅಗತ್ಯವೂ ಇಲ್ಲ.

ಹಾಲ್‌ಗಳಲ್ಲಿ ಸೇರುವ ಸ್ವತಂತ್ರ ಸಭೆಗಳ ಪಾಡು ಬೇರೆ ಬಗೆಯದು. ಮೂಲ ಸಭೆ ಬಿಟ್ಟು ಬಂದಾಗ ಬಿಟ್ಟದ್ದು ಸ್ಮಶಾನವನ್ನೂ ಹೌದೆಂದು ಅವರಿಗೆ ಗೊತ್ತಾಗುವುದು ಮೊದಲ ಸಾವಿನಂದು. 2025ರ ಜನವರಿ 27ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತ ಛತ್ತೀಸಗಢದ ಪ್ರಕರಣ ಇದರ ಕ್ರೂರ ರೂಪ. ಬಸ್ತರ್ ಪ್ರದೇಶದ ಹಳ್ಳಿಯೊಂದರ ಪಾಸ್ಟರ್ ಅದೇ ತಿಂಗಳು 7ರಂದು ತೀರಿಕೊಂಡರು, ಊರವರ ವಿರೋಧದಿಂದ ಹೆಣ ಶವಾಗಾರದಲ್ಲೇ ಉಳಿಯಿತು. ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರು ಕುಟುಂಬದ ಸ್ವಂತ ಹೊಲದಲ್ಲಿ ಹೂಳಬಹುದು ಎಂದರು. ನ್ಯಾಯಮೂರ್ತಿ ಸತೀಶ್ ಚಂದ್ರ ಶರ್ಮಾ ಗೊತ್ತುಮಾಡಿದ ಕ್ರೈಸ್ತ ಸ್ಮಶಾನದಲ್ಲೇ ಆಗಬೇಕು ಎಂದರು. ಅಭಿಪ್ರಾಯ ಒಡೆದರೂ ಹೆಣ ಕಾಯುತ್ತಿದೆ ಎಂಬ ಕಾರಣಕ್ಕೆ ದೊಡ್ಡ ಪೀಠಕ್ಕೆ ಒಪ್ಪಿಸದೆ, ಸಂವಿಧಾನದ 142ನೇ ವಿಧಿ ಕೋರ್ಟಿಗೆ ಕೊಡುವ ವಿಶೇಷ ಅಧಿಕಾರದಡಿ 20 ಕಿ.ಮೀ.ಗೂ ದೂರದ ಕರ್ಕಾಪಾಲ್ ಸ್ಮಶಾನದಲ್ಲಿ ದಫನಕ್ಕೆ ಹೇಳಿದರು. ಕ್ರೈಸ್ತರಿಗೆ ಎರಡು ತಿಂಗಳಲ್ಲಿ ಜಾಗ ಗುರುತಿಸಲು ರಾಜ್ಯಕ್ಕೆ ನಿರ್ದೇಶನವೂ ಆಯಿತು. ನಗರದ ದೊಡ್ಡ ಸಭೆಗಳು ಇದನ್ನು ದೂರದ ಕಾಡಿನ ಸುದ್ದಿಯೆಂದು ಓದಿದವು. ತಮ್ಮ ಗೇಟಿನಲ್ಲಿ ಪೆಂಟೆಕೊಸ್ಟಲ್ ನೆರೆಯವನ ಹೆಣ ವಾಪಸು ಕಳಿಸುವುದು ಇದೇ ಸುದ್ದಿಯ ನಗರ ಆವೃತ್ತಿ ಎಂದು ಅವಕ್ಕೆ ಹೊಳೆದಂತಿಲ್ಲ. ಯೂದನು ಎಸೆದುಹೋದ 30 ಬೆಳ್ಳಿ ನಾಣ್ಯಕ್ಕೆ ಮಹಾಯಾಜಕರು ಕೊಂಡದ್ದು ಪರದೇಶಿಗಳನ್ನು ಹೂಳಲು ಕುಂಬಾರನ ಹೊಲ ಎಂದು ಮತ್ತಾಯನು ಬರೆಯುತ್ತಾನೆ. ಯೇಸುವನ್ನು ಕೊಲ್ಲಿಸಿದವರೂ ವಲಸೆಗಾರನ ಹೆಣಕ್ಕೆ ನೆಲ ಬೇಕೆಂದು ಅರಿತಿದ್ದರು.

ಕೊನೆಗೆ ಊರಿಗೆ ಒಯ್ಯುವ ಮಾತು. ಮಂಗಳೂರಿಗೆ ರಸ್ತೆಯಲ್ಲಿ ಸುಮಾರು 900 ಕಿ.ಮೀ., ಬೀದರಿಗೆ 600. ಶೀತಲ ಪೆಟ್ಟಿಗೆಯ ಆಂಬುಲೆನ್ಸಿನಲ್ಲಿ ಒಂದು ದಿನದೊಳಗೆ ತಲುಪುವ ದಾರಿಗೆ ಎಂಬಾಮಿಂಗ್ ಬೇಡ. ವಿಮಾನವಾದರೆ ಮರಣ ಪತ್ರ, ಪೊಲೀಸ್ ನಿರಾಕ್ಷೇಪಣಾ ಪತ್ರ, ಎಂಬಾಮಿಂಗ್ ಮತ್ತು ಪೆಟ್ಟಿಗೆ ಮುದ್ರೆಯ ಪ್ರಮಾಣಪತ್ರ, ಜೊತೆಗೆ ಹೋಗುವವರ ಗುರುತಿನ ಚೀಟಿ ಬೇಕು. ಈ ಖರ್ಚು ತಡೆಯದವರು ಬೂದಿಯಾದರೆ ರೈಲಿನಲ್ಲಿ ಒಯ್ಯಬಹುದು ಎಂದು ದಹನಕ್ಕೆ ಒಲಿಯುತ್ತಾರೆ. ಅವರಿಗೆ ಗೊತ್ತಿಲ್ಲದ ಮೂರನೆಯ ದಾರಿಯೊಂದಿದೆ. ಇಲ್ಲೇ ಹತ್ತಿಬಟ್ಟೆಯಲ್ಲಿ ಹೂತು, ಎರಡು ವರ್ಷದ ಮೇಲೆ ಗುಂಡಿ ತೆರೆಯುವ ದಿನ ಹಾಜರಿದ್ದು, ಎಲುಬನ್ನು ಗೂಡಿಗೆ ಕೊಡದೆ ಊರಿನ ಕುಟುಂಬ ಸಮಾಧಿಗೆ ಒಯ್ಯುವುದು. ಎರಡೂ ಕಡೆಯ ಪಾದ್ರಿಗಳ ಪತ್ರ ಮುಂಚೆಯೇ ಕೈಯಲ್ಲಿರಬೇಕು, ಪಾಲಿಕೆಯ ಸ್ಮಶಾನವಾದರೆ ಅಲ್ಲಿಯ ಕಚೇರಿಯ ಒಪ್ಪಿಗೆಯೂ ಬೇಕು. ಅವಧಿಗೆ ಮೊದಲೇ ತೆಗೆಯಬೇಕೆಂದರೆ ಅಧಿಕಾರಿಗಳ ಅನುಮತಿಗೆ ಅಲೆದಾಟ ಹೆಚ್ಚು, ಆ ಯೋಚನೆ ಬಿಡುವುದು ಲೇಸು. ಐಗುಪ್ತದಲ್ಲಿ ಸತ್ತ ಯೋಸೇಫ ತನ್ನ ಎಲುಬನ್ನು ಬಿಟ್ಟುಹೋಗಬೇಡಿ ಎಂದು ಪ್ರಮಾಣ ಮಾಡಿಸಿಕೊಂಡಿದ್ದ. ಮೋಶೆ ಹೊರಡುವಾಗ ಅದನ್ನು ಹೊತ್ತುಕೊಂಡೇ ಹೊರಟ, ಶೆಕೆಮಿನಲ್ಲಿ ಹೂಳುವಷ್ಟರಲ್ಲಿ ಯೋಸೇಫನನ್ನು ಕಣ್ಣಾರೆ ಕಂಡವರು ಯಾರೂ ಉಳಿದಿರಲಿಲ್ಲ. ಮುಂಬಯಿಯಲ್ಲಿ ಇದಕ್ಕೆ ಬೇಕಾದದ್ದು ಮಗನ ಡೈರಿಯಲ್ಲಿ ಗುಂಡಿಯ ನಂಬರು, ತೆರೆಯುವ ತಿಂಗಳು, ಮತ್ತು ಬದಲಾಗದ ಒಂದು ಫೋನ್ ನಂಬರು ಇಗರ್ಜಿಯ ಕಚೇರಿಯಲ್ಲಿ. ಎಷ್ಟೋ ಎಲುಬುಗಳು ಸಾಮೂಹಿಕ ಗುಂಡಿ ಸೇರುವುದು ಹಣವಿಲ್ಲದೆ ಅಲ್ಲ, ಕರೆ ಹೋದ ನಂಬರು ಬದಲಾಗಿ ಹೋಗಿದ್ದರಿಂದ.